ಒಪ್ಪಿಗೆ ನನ್ನದು, ಮನೆ ಎಲ್ಲರದ್ದು

2021ರ ಜುಲೈನಲ್ಲಿ ಎಂ.ಕಾಂ. ಎರಡನೇ ಸೆಮಿಸ್ಟರ್ ಪರೀಕ್ಷೆಯನ್ನು ನಾನು ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ಬರೆದೆ. ಏಪ್ರಿಲ್ ಕೊನೆಯಲ್ಲಿ ರಾಜ್ಯವೆಲ್ಲ ಮತ್ತೆ ಬಂದ್ ಆದಾಗ ಬೆಂಗಳೂರಿನ ಪಿ.ಜಿ. ಖಾಲಿ ಮಾಡಿ ಊರಿಗೆ ಬಂದಿದ್ದೆ. ಓದುತ್ತಿದ್ದದ್ದು ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅದರ ಹೆಸರಾಗಲಿ, ಪರೀಕ್ಷೆ ಕಾಯುವ ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಅವರನ್ನು ಬೈಯಬೇಕೆಂದು ಇದನ್ನು ಬರೆಯುತ್ತಿಲ್ಲ. ಆ ಪರೀಕ್ಷೆಯಿಂದ ಶುರುವಾಗಿ ನಮ್ಮ ಅಜ್ಜಿಯ ಒಂದು ಫೋಟೊ ಅಳಿಸುವವರೆಗೆ ಏನೇನು ಮಾಡಬೇಕಾಯಿತು ಎನ್ನುವುದು ಇದೇ ದಾರಿಯಲ್ಲಿ ಸಿಕ್ಕಿಕೊಂಡ ಬೇರೆಯವರಿಗೆ ಗೊತ್ತಿರಲಿ ಅಂತ.

ಪರೀಕ್ಷೆಗೆ ಸ್ವಲ್ಪ ದಿನ ಮುಂಚೆ ಪರೀಕ್ಷಾ ವಿಭಾಗದಿಂದ ಮೇಲ್ ಬಂತು. ಲ್ಯಾಪ್‌ಟಾಪ್‌ಗೆ ಇಂಥ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಪರೀಕ್ಷೆ ಮುಗಿಯುವವರೆಗೂ ಕ್ಯಾಮೆರಾ, ಮೈಕು ಎರಡೂ ಆನ್ ಇರಬೇಕು, ಪರದೆಯೂ ರೆಕಾರ್ಡ್ ಆಗುತ್ತದೆ. ಕೋಣೆಯಲ್ಲಿ ವಿದ್ಯಾರ್ಥಿ ಒಬ್ಬರೇ ಇರಬೇಕು, ಬಾಗಿಲು ಹಾಕಿರಬೇಕು. ಶುರುವಾಗುವ ಮೊದಲು ಕ್ಯಾಮೆರಾವನ್ನು ಸುತ್ತ ತಿರುಗಿಸಿ ಇಡೀ ಕೋಣೆ ತೋರಿಸಬೇಕು. ಕೆಳಗೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಷರತ್ತು, ಕೊನೆಯಲ್ಲಿ 'ಒಪ್ಪುತ್ತೇನೆ' ಅನ್ನುವ ಒಂದು ಚೌಕ. ಒಪ್ಪದವರು ಏನು ಮಾಡಬೇಕು ಅನ್ನುವುದು ಎಲ್ಲೂ ಇರಲಿಲ್ಲ. ಫೋನ್ ಮಾಡಿ ಕೇಳಿದೆ. ಆ ಕಡೆಯವರು ಒರಟಾಗಿ ಏನೂ ಮಾತಾಡಲಿಲ್ಲ. "ಬೇಡ ಅಂದ್ರೆ ಆಬ್ಸೆಂಟ್ ಆಗುತ್ತೆ ಅಷ್ಟೇ ಮೇಡಂ, ಮುಂದಿನ ವರ್ಷ ಜೂನಿಯರ್ಸ್ ಜೊತೆ ಬರೀಬಹುದು" ಅಂದರು. ಒಂದು ವರ್ಷ ಕಳೆದುಕೊಳ್ಳುವುದು, ಇಲ್ಲವೇ ಆ ಚೌಕ ಒತ್ತುವುದು. ಒತ್ತಿದೆ.

ಕೋಣೆ ಅಂದರೆ ಅವರ ಕಣ್ಣಿಗೆ ಬಂದಿದ್ದು ಯಾವ ಕೋಣೆಯೋ. ನಮ್ಮದು ಹಳೆಯ ಹೆಂಚಿನ ಮನೆ. ಮೊಬೈಲ್ ಸಿಗ್ನಲ್ ಸಿಗುವುದು ನಡುಮನೆಯ ತೋಟದ ಕಡೆಯ ಕಿಟಕಿಯ ಹತ್ತಿರ ಮಾತ್ರ, ಅದೂ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿಟ್ಟರೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಆ ವರ್ಷ ಎಲ್ಲರದ್ದೂ ಇದೇ ಪಾಡು. ಸುಳ್ಯದ ಕಡೆ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪನ ಫೋಟೊ ಆ ಜೂನ್‌ನಲ್ಲಿ ಎಲ್ಲ ಕಡೆ ಓಡಾಡಿದ್ದು ನೆನಪಿರಬಹುದು. ನಮ್ಮ ನಡುಮನೆಗೆ ಬಾಗಿಲು ಒಂದಲ್ಲ, ನಾಲ್ಕು. ಒಂದು ಜಗಲಿಗೆ, ಒಂದು ಅಡುಗೆಮನೆಗೆ, ಒಂದು ದೇವರ ಕೋಣೆಗೆ, ಇನ್ನೊಂದು ಬಚ್ಚಲಿಗೆ ಹೋಗುವ ಓಣಿಗೆ. ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕಾದರೂ ನಡುಮನೆ ದಾಟಲೇಬೇಕು.

ಲ್ಯಾಪ್‌ಟಾಪೂ ನನ್ನೊಬ್ಬಳದ್ದಲ್ಲ. ತಮ್ಮನ ಕ್ಲಾಸು ಅದರಲ್ಲೇ, ಅಪ್ಪನ ಅಡಿಕೆ ಲೆಕ್ಕ ಅದರಲ್ಲೇ, ಅಮ್ಮನ ಬ್ಯಾಂಕ್ ಕಾಗದಗಳ ಸ್ಕ್ಯಾನೂ ಅದರಲ್ಲೇ. ಬ್ರೌಸರ್‌ಗೆ ಸೇರಿಸಬೇಕಾದ ಎಕ್ಸ್‌ಟೆನ್ಶನ್ ಎಂಬ ಸಣ್ಣ ಪ್ರೋಗ್ರಾಂ ಒಂದು ಅನುಮತಿ ಕೇಳಿತು: ನೀವು ನೋಡುವ ಎಲ್ಲ ವೆಬ್‌ಸೈಟುಗಳ ಎಲ್ಲ ಡೇಟಾ ಓದಲು ಮತ್ತು ಬದಲಿಸಲು. ಅದನ್ನು ಓದಿ ನನ್ನ ಕೈ ನಿಂತಿತು. ತಮ್ಮ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದವನು. "ಅಕ್ಕ, ಬೇರೆ ಯೂಸರ್ ಅಕೌಂಟ್ ಮಾಡಿ ಅದರಲ್ಲಿ ಮಾತ್ರ ಹಾಕು, ಪರೀಕ್ಷೆ ಮುಗಿದ ಕೂಡಲೇ ಅಕೌಂಟನ್ನೇ ಅಳಿಸು" ಅಂದ. ಹಾಗೇ ಮಾಡಿದೆವು. ಈ ಒಂದು ಉಪಾಯವನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ಗುರುತಿಗೆ ಆಧಾರ್ ತೋರಿಸಿ ಅಂದಾಗ, ಆಧಾರ್ ಕೊಡುವ ಯು.ಐ.ಡಿ.ಎ.ಐ. ಸಂಸ್ಥೆಯ ವೆಬ್‌ಸೈಟಿನಿಂದ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಅದನ್ನು ತೋರಿಸಿದೆ. ಯಾರೂ ಬೇಡ ಅನ್ನಲಿಲ್ಲ.

ವೆಚ್ಚ ಲೆಕ್ಕಶಾಸ್ತ್ರದ ಪೇಪರಿನ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಎತ್ತಿಕೊಂಡು ನಡುಮನೆಯನ್ನೆಲ್ಲ ಕ್ಯಾಮೆರಾಕ್ಕೆ ತೋರಿಸುತ್ತಾ ನಿಧಾನವಾಗಿ ತಿರುಗಿದೆ. ಪರದೆಯ ಮೂಲೆಯ ಚಿಕ್ಕ ಚೌಕದಲ್ಲಿ ನಮ್ಮ ಮನೆ ನನಗೇ ಕಾಣುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮ ಬರೆದಿಟ್ಟ ಹಾಲಿನ ಲೆಕ್ಕ, ಅದರ ಪಕ್ಕದಲ್ಲೇ ಅಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಾದ ತಾರೀಖು, ಮೊಳೆಗೆ ನೇತುಹಾಕಿದ ಅವರ ಮಾತ್ರೆ ಚೀಲ, ಗೂಡಿನಲ್ಲಿ ಸೊಸೈಟಿಯ ಪಾಸ್‌ಬುಕ್ಕು, ಹಗ್ಗದ ಮೇಲೆ ಮಳೆಗೆ ಒಣಗದೆ ಉಳಿದ ಬಟ್ಟೆ. ಮೇಜಿನ ಕೆಳಗೂ ತೋರಿಸಿ ಅಂತ ಸೂಚನೆ ಬಂತು. ತೋರಿಸಿದೆ. ನೆಂಟರು ಬಂದರೂ ಜಗಲಿಯಲ್ಲಿ ಕೂರಿಸಿ ಮಾತಾಡಿಸುವ ಮನೆ ನಮ್ಮದು. ಒಳಗಿನದೆಲ್ಲ ಯಾರೋ ಎಲ್ಲೋ ನೋಡುವ ಹಾಗೆ ಒಂದು ನಿಮಿಷದಲ್ಲಿ ರೆಕಾರ್ಡ್ ಆಗಿಹೋಯಿತು. ಅಪ್ಪನ ಕಾಯಿಲೆ ಏನೆಂದು ನಮ್ಮ ಊರಿನಲ್ಲೇ ಎಲ್ಲರಿಗೂ ಗೊತ್ತಿರಲಿಲ್ಲ.

ಮೋಡಕ್ಕೆ ಒಳಗೆಲ್ಲ ಕತ್ತಲು. 'ಮುಖ ಕಾಣುತ್ತಿಲ್ಲ' ಅಂತ ಪದೇ ಪದೇ ಎಚ್ಚರಿಕೆ ಬಂದದ್ದರಿಂದ ಚಾರ್ಜರ್ ಲೈಟನ್ನು ಮುಖಕ್ಕೆ ನೇರವಾಗಿ ಇಟ್ಟುಕೊಂಡು ಬರೆದೆ. ಎರಡು ಗಂಟೆ ಆ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಮುಂದೆ ನೆದರ್‌ಲ್ಯಾಂಡ್ಸ್‌ನ ಒಂದು ಪ್ರಕರಣ ಓದಿದಾಗ ಈ ಲೈಟು ನೆನಪಾಯಿತು. ಆಮ್‌ಸ್ಟರ್‌ಡ್ಯಾಮ್‌ನ ವಿಶ್ವವಿದ್ಯಾಲಯವೊಂದರ ಕಪ್ಪು ವರ್ಣದ ವಿದ್ಯಾರ್ಥಿನಿಗೆ ತನ್ನ ಮುಖವನ್ನು ಸಾಫ್ಟ್‌ವೇರ್ ಗುರುತಿಸಲಿ ಅಂತ ಎದುರಿಗೆ ದೀಪ ಇಟ್ಟುಕೊಂಡೇ ಪರೀಕ್ಷೆ ಬರೆಯಬೇಕಾಗಿತ್ತು. ಆಕೆ ಅಲ್ಲಿನ ಮಾನವ ಹಕ್ಕುಗಳ ಸಂಸ್ಥೆಗೆ ದೂರು ಕೊಟ್ಟಳು. ತಾರತಮ್ಯ ನಡೆದಿದೆ ಅನ್ನುವ ಅನುಮಾನಕ್ಕೆ ಸಾಕಷ್ಟು ಆಧಾರ ಇದೆ ಅಂತ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಮಧ್ಯಂತರ ತೀರ್ಪು ಕೊಟ್ಟಿತು. ಅಂತಿಮ ತೀರ್ಪು ಬಂದಾಗ, 2023ರಲ್ಲಿ, ಸಾಫ್ಟ್‌ವೇರ್ ಬಳಸಿದ್ದರಲ್ಲಿ ತಾರತಮ್ಯ ಸಾಬೀತಾಗಲಿಲ್ಲ. ಆದರೂ ಒಬ್ಬ ವಿದ್ಯಾರ್ಥಿನಿ ಕೇಳಿದ್ದಕ್ಕೆ ವಿಶ್ವವಿದ್ಯಾಲಯ ತನ್ನ ಲೆಕ್ಕ ಒಪ್ಪಿಸಬೇಕಾಯಿತಲ್ಲ, ಅದು ದೊಡ್ಡ ಮಾತು.

ಪರೀಕ್ಷೆಯ ಮಧ್ಯದಲ್ಲಿ ಮಳೆ ಜೋರಾಯಿತು. ಒತ್ತಿನ ಕೊಟ್ಟಿಗೆಗೆ ಜಿಂಕ್ ಶೀಟು, ಅದರ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಪರದೆಯ ಮೇಲೆ ಕೆಂಪಕ್ಷರದಲ್ಲಿ 'ಹಿನ್ನೆಲೆಯಲ್ಲಿ ಸದ್ದು' ಅಂತ ಬರತೊಡಗಿತು. ರಫ್ ಶೀಟಿನಲ್ಲಿ ಲೆಕ್ಕ ಮಾಡಲು ತಲೆ ತಗ್ಗಿಸಿದರೆ 'ಪರದೆಯನ್ನು ನೋಡಿ'. ಪ್ರೋಸೆಸ್ ಕಾಸ್ಟಿಂಗ್ ಲೆಕ್ಕವನ್ನು ಪರದೆ ನೋಡುತ್ತಾ ಮಾಡಲು ಯಾರಿಂದ ಸಾಧ್ಯ? ರಫ್ ಶೀಟಿಗೆ ವಿಶ್ವವಿದ್ಯಾಲಯವೇ ಅನುಮತಿ ಕೊಟ್ಟಿತ್ತು. ಆಮೇಲಾಮೇಲೆ ಲೆಕ್ಕದ ಮೇಲಿದ್ದ ಗಮನ ನನ್ನ ಕತ್ತಿನ ಮೇಲೆ, ಕಣ್ಣಿನ ಮೇಲೆ ಹೋಯಿತು. ಬರುವ ಉತ್ತರವೂ ಬರಲಿಲ್ಲ.

ಈ ಗಲಾಟೆಯಲ್ಲಿ ಹಿಂದೆ ಅಜ್ಜಿ ದಾಟಿ ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಫಲಿತಾಂಶ ಬಂದ ದಿನ ನನ್ನ ಹೆಸರಿನ ಎದುರು 'ವಿತ್‌ಹೆಲ್ಡ್', ಅಂದರೆ ತಡೆಹಿಡಿದಿದೆ ಅಂತ ಇತ್ತು. ವಿಚಾರಿಸಿದಾಗ, ವೆಚ್ಚ ಲೆಕ್ಕಶಾಸ್ತ್ರದಲ್ಲಿ ಮಾಲ್‌ಪ್ರಾಕ್ಟೀಸ್ ಬುಕ್ ಆಗಿದೆ, ಕಮಿಟಿ ಮುಂದೆ ಹಾಜರಾಗಬೇಕು ಅಂದರು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಎಂತ ಮಾಡಿದ್ಯೇ, ನಿಜ ಹೇಳು" ಅಂತ ಒಂದೇ ಸಲ ಕೇಳಿದರು, ಮತ್ತೆ ಕೇಳಲಿಲ್ಲ. ಆ ಒಂದು ಸಲ ಕೇಳಿದ್ದೇ ನನಗೆ ಬಹಳ ನೋವಾಯಿತು. ಶಾಲೆಯಿಂದ ಇಲ್ಲಿಯವರೆಗೆ ಒಂದು ಚೀಟಿ ಮುಟ್ಟಿದವಳಲ್ಲ ನಾನು.

ಕಮಿಟಿಯೂ ವಿಡಿಯೊ ಕರೆಯಲ್ಲೇ. ಅಧ್ಯಕ್ಷರಾಗಿ ಒಬ್ಬ ಹಿರಿಯ ಸರ್, ಜೊತೆಗೆ ಇಬ್ಬರು ಸದಸ್ಯರು, ಪರೀಕ್ಷಾ ವಿಭಾಗದ ಒಬ್ಬರು. ಸಾಫ್ಟ್‌ವೇರ್ ತಯಾರಿಸಿದ ವರದಿಯನ್ನು ಪರದೆಯ ಮೇಲೆ ತೋರಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ ನನ್ನ 'ಅಪಾಯದ ಮಟ್ಟ: ಹೆಚ್ಚು'. ಕೆಳಗೆ ಸಾಲು ಸಾಲಾಗಿ ಗಂಟೆ, ನಿಮಿಷ, ಸೆಕೆಂಡಿನ ಸಮೇತ ನನ್ನದೇ ಮುಖದ ಚಿಕ್ಕ ಚಿಕ್ಕ ಚಿತ್ರಗಳು. ತಲೆ ತಗ್ಗಿಸಿದ್ದು, ಕಣ್ಣುಜ್ಜಿಕೊಂಡದ್ದು, ಪ್ರಶ್ನೆ ಓದುವಾಗ ತುಟಿ ಅಲುಗಿದ್ದು. ಪುಟ ಸರಿಸುತ್ತಾ ಹೋದ ಹಾಗೆ ಒಂದು ದೊಡ್ಡ ಚಿತ್ರ ಬಂತು. ನನ್ನ ಹೆಗಲ ಹಿಂದೆ, ಬಚ್ಚಲ ಓಣಿಯ ಬಾಗಿಲಲ್ಲಿ ಅಜ್ಜಿ. ಆಗಷ್ಟೇ ಸ್ನಾನ ಮಾಡಿ ಮಡಿಯಲ್ಲಿ, ಮೈಗೆ ಬರೀ ಒಂದು ಒದ್ದೆ ಸೀರೆ ಸುತ್ತಿಕೊಂಡು ದೇವರ ಕೋಣೆಗೆ ಹೋಗುತ್ತಿದ್ದಾರೆ. ಅವರ ಮುಖದ ಸುತ್ತ ಕೆಂಪು ಚೌಕ. ಪಕ್ಕದಲ್ಲಿ 'ಎರಡನೇ ವ್ಯಕ್ತಿ ಪತ್ತೆ' ಅಂತ ಬರಹ.

"ಯಾರಮ್ಮ ಇವರು?" ಅಂತ ಅಧ್ಯಕ್ಷರು ಕೇಳಿದರು.

"ನಮ್ಮ ಅಜ್ಜಿ ಸರ್. ಎಂಬತ್ತು ದಾಟಿದೆ, ಕಿವಿ ಸರಿಯಾಗಿ ಕೇಳಲ್ಲ. ಸ್ನಾನ ಮಾಡಿ ದೇವರ ಕೋಣೆಗೆ ಹೋಗ್ತಾ ಇದ್ದಾರೆ."

ಸದಸ್ಯೆಯಾಗಿದ್ದ ಮೇಡಂ ಒಬ್ಬರು ತಕ್ಷಣ "ಸರ್, ಆ ಪೇಜ್ ಮೊದಲು ತೆಗೀರಿ, ಪ್ಲೀಸ್" ಅಂದರು. ತೆಗೆದರು. ಅವರ ಆ ಮಾತಿಗೆ ನಾನು ಇವತ್ತಿಗೂ ಋಣಿ. ಆದರೆ ಅಷ್ಟರಲ್ಲಿ ಆ ಚಿತ್ರವನ್ನು ಕಮಿಟಿಯವರೆಲ್ಲ ನೋಡಿಯಾಗಿತ್ತು. ಅದಕ್ಕೂ ಮೊದಲು ವರದಿ ಪರಿಶೀಲಿಸಿದ ಕಂಪನಿಯವರು ನೋಡಿದ್ದರು. ಹೊರಗಿನ ಗಂಡಸರ ಎದುರು ಸೆರಗು ಸರಿಮಾಡಿಕೊಳ್ಳದೆ ಬಂದವರೇ ಅಲ್ಲ ನಮ್ಮ ಅಜ್ಜಿ.

ನನ್ನ ಪರವಾಗಿ ಹೇಳಬೇಕಾದದ್ದನ್ನು ತಯಾರಿ ಮಾಡಿಕೊಂಡೇ ಕೂತಿದ್ದೆ. ರಫ್ ಶೀಟುಗಳನ್ನು ಎಸೆದಿರಲಿಲ್ಲ, ಒಂದೊಂದನ್ನೇ ಕ್ಯಾಮೆರಾ ಮುಂದೆ ಹಿಡಿದೆ. ತಲೆ ತಗ್ಗಿಸಿದ ಹೊತ್ತುಗಳನ್ನೂ ನಾನು ಉತ್ತರ ಟೈಪ್ ಮಾಡಿದ ಹೊತ್ತುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ ಅಂತ ಕೇಳಿಕೊಂಡೆ. ನೋಡಿದರು. ಲೆಕ್ಕದ ಪ್ರಶ್ನೆಗಳಲ್ಲಿ ಮಾತ್ರ ತಲೆ ತಗ್ಗಿದೆ, ಥಿಯರಿ ಪ್ರಶ್ನೆಗಳಲ್ಲಿ ಇಲ್ಲ ಅನ್ನುವುದು ಅವರಿಗೇ ಕಂಡಿತು. ಕ್ಯಾಲಿಫೋರ್ನಿಯಾದ ವಿಷಯವನ್ನೂ ಹೇಳಿದೆ. ಅಲ್ಲಿ 2020ರ ಅಕ್ಟೋಬರ್‌ನಲ್ಲಿ ವಕೀಲರಾಗಲು ಬರೆಯುವ ಪರೀಕ್ಷೆಯನ್ನು ಇದೇ ರೀತಿ ಮನೆಯಿಂದ ನಡೆಸಿದ್ದರು. ಬರೆದವರಲ್ಲಿ ಮೂರನೇ ಒಂದು ಪಾಲು, 3,000ಕ್ಕೂ ಹೆಚ್ಚು ಮಂದಿಯ ವಿಡಿಯೊಗಳಿಗೆ ಸಾಫ್ಟ್‌ವೇರ್ ಅನುಮಾನದ ಗುರುತು ಹಾಕಿತು. ಮನುಷ್ಯರು ಕೂತು ನೋಡಿದ ಮೇಲೆ ಬಹುಪಾಲು ಜನರ ಮೇಲಿದ್ದ ಅನುಮಾನ ಬಿದ್ದುಹೋಯಿತು. ಅಧ್ಯಕ್ಷರು ಇದನ್ನು ಬರೆದುಕೊಂಡರು. ಕೆಲವು ದಿನಗಳಲ್ಲಿ ಆರೋಪ ಕೈಬಿಟ್ಟಿದೆ ಅಂತ ಪತ್ರ ಬಂತು, ಫಲಿತಾಂಶವೂ ಬಂತು. ಅಂಕ ಕಡಿಮೆಯೇ. ಅದರ ಬಗ್ಗೆ ಇನ್ನು ಮಾತಿಲ್ಲ.

ಆದರೆ ಅಜ್ಜಿಯ ಚಿತ್ರ ಅಲ್ಲೇ ಇತ್ತು. ಅಜ್ಜಿಗೆ ಹೇಳದೆ ಇರುವುದು ಸರಿ ಅನ್ನಿಸಲಿಲ್ಲ. ಕಿವಿಯ ಹತ್ತಿರ ಕೂತು, ಪರೀಕ್ಷೆಯ ಕ್ಯಾಮೆರಾದಲ್ಲಿ ನಿಮ್ಮ ಫೋಟೊ ಬಂದಿದೆ ಅಜ್ಜಿ, ಸ್ನಾನ ಮಾಡಿ ಬರುವಾಗಿನದ್ದು ಅಂತ ಬಿಡಿಸಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ಕೇಳಿದರು: "ಈಗ ಅದು ಯಾರ ಹತ್ರ ಇದೆ?"

ನನ್ನಲ್ಲಿ ಉತ್ತರ ಇರಲಿಲ್ಲ. ಕಂಪನಿಯ ಕಂಪ್ಯೂಟರ್ ಯಾವ ಊರಿನಲ್ಲಿದೆ, ಅದನ್ನು ಎಷ್ಟು ಜನ ತೆರೆದು ನೋಡಬಹುದು, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಯಾವುದೂ ಗೊತ್ತಿರಲಿಲ್ಲ. ಇಂಥ ಕಡೆ ಇಟ್ಟದ್ದು ಭದ್ರವಾಗಿಯೇ ಇರುತ್ತದೆ ಅಂತ ನಂಬುವ ಹಾಗೂ ಇಲ್ಲ. 2020ರಲ್ಲಿ ಪ್ರೊಕ್ಟರ್‌ಯು ಎಂಬ ಅಮೆರಿಕದ ಪರೀಕ್ಷಾ ನಿಗಾ ಕಂಪನಿಯಿಂದ ಸುಮಾರು 4,44,000 ಬಳಕೆದಾರರ ವಿವರ ಸೋರಿಹೋಗಿತ್ತು. "ಅಳಿಸ್ಲಿಕ್ಕೆ ಹೇಳು" ಅಂದರು ಅಜ್ಜಿ. ಅಷ್ಟೇ.

ಶಿವಮೊಗ್ಗದಲ್ಲಿ ವಕೀಲರಾಗಿರುವ ದೊಡ್ಡಪ್ಪನ ಮಗ ಅಣ್ಣನ ಹತ್ತಿರ ಹೋದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ ಅನ್ನುವುದು ನನ್ನ ವಾದ. ಅದು ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ 2012ರಲ್ಲಿ ಹಾಕಿದ ಅರ್ಜಿಯಿಂದಲೇ ಆ ತೀರ್ಪು ಬಂದದ್ದು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಕೊಟ್ಟ ತೀರ್ಪು. ಮನೆ, ಕುಟುಂಬ ಜೀವನ ಎರಡೂ ಖಾಸಗಿತನದ ಒಳಗೇ ಬರುತ್ತವೆ ಅಂತ ಅದರಲ್ಲಿದೆ. ಅಣ್ಣ ತಲೆಯಾಡಿಸಿ, "ನಿಮ್ಮದು ಖಾಸಗಿ ಯೂನಿವರ್ಸಿಟಿ. ಸರ್ಕಾರದ್ದಾಗಿದ್ರೆ ಹೈಕೋರ್ಟಲ್ಲಿ ರಿಟ್ ಅರ್ಜಿ ಹಾಕೋದು ಸುಲಭ ಇತ್ತು. ಇದಕ್ಕೆ ಕೋರ್ಟು ಅಂತ ಹೋದ್ರೆ ನಿನ್ನ ಕೋರ್ಸೇ ಮುಗಿದುಹೋಗುತ್ತೆ. ಬೇರೆ ದಾರಿ ನೋಡೋಣ" ಅಂದ. ಮರುವರ್ಷ ಅಮೆರಿಕದ ಓಹಾಯೊದಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯ ವಿದ್ಯಾರ್ಥಿಯೊಬ್ಬ ಇದೇ ಕೋಣೆ ತೋರಿಸುವ ಪದ್ಧತಿಯ ವಿರುದ್ಧ ಗೆದ್ದ. ಪರೀಕ್ಷೆಗೆ ಮುಂಚೆ ಮನೆಯ ಕೋಣೆಯನ್ನು ಕ್ಯಾಮೆರಾದಲ್ಲಿ ತೋರಿಸಿ ಅನ್ನುವುದು ಕಾರಣವಿಲ್ಲದೆ ಮನೆ ಶೋಧಿಸುವುದಕ್ಕೆ ಸಮ, ಅದು ಅಮೆರಿಕದ ಸಂವಿಧಾನಕ್ಕೆ ವಿರುದ್ಧ ಅಂತ 2022ರ ಆಗಸ್ಟ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಹೇಳಿತು. ಅದೂ ಸರ್ಕಾರಿ ವಿಶ್ವವಿದ್ಯಾಲಯವೇ. ಅಣ್ಣ ಹೇಳಿದ್ದು ಎಷ್ಟು ಸರಿ ಅಂತ ಆಗ ಅರ್ಥವಾಯಿತು.

ಅಣ್ಣ ತೋರಿಸಿದ ಬೇರೆ ದಾರಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗಿನ 2011ರ ನಿಯಮಗಳು. ಬೆರಳಚ್ಚು, ಮುಖದ ಅಳತೆಯಂಥ ಬಯೋಮೆಟ್ರಿಕ್ ಮಾಹಿತಿಯನ್ನು ಆ ನಿಯಮಗಳು ಸೂಕ್ಷ್ಮ ಮಾಹಿತಿ ಅನ್ನುತ್ತವೆ. ಅದನ್ನು ತೆಗೆದುಕೊಳ್ಳಲು ಲಿಖಿತ ಒಪ್ಪಿಗೆ ಬೇಕು, ಯಾತಕ್ಕೆ ಅಂತ ಹೇಳಬೇಕು, ಆ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಾರದು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಮುಖ್ಯವಾಗಿ, ಪ್ರತಿ ಕಂಪನಿ ಒಬ್ಬ ದೂರು ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ವಿಳಾಸವನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಆ ಅಧಿಕಾರಿ ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. 5ನೇ ನಿಯಮದ 9ನೇ ಉಪನಿಯಮ. ಈ ಒಂದು ಸಾಲು ನನ್ನ ಕೈಗೆ ಸಿಕ್ಕ ಮೇಲೆ ಧೈರ್ಯ ಬಂತು.

ಮೊದಲು ನನ್ನ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಬರೆದೆ. ರೆಕಾರ್ಡಿಂಗ್ ಕಂಪನಿಯ ಹತ್ತಿರ ಇದೆ, ಅವರನ್ನೇ ಕೇಳಿ ಅಂತ ಉತ್ತರ. ಕಂಪನಿಗೆ ಬರೆದರೆ, ನಾವು ವಿಶ್ವವಿದ್ಯಾಲಯ ಹೇಳಿದಂತೆ ಮಾತ್ರ ನಡೆಯುವವರು, ಅವರನ್ನೇ ಕೇಳಿ ಅಂತ ಉತ್ತರ. ಇಬ್ಬರದ್ದೂ ಸಭ್ಯ ಭಾಷೆಯೇ, ಸಹಿಯ ಕೆಳಗೆ ಸಹಾಯ ಬೇಕಿದ್ದರೆ ಸಂಪರ್ಕಿಸಿ ಅಂತಲೂ ಇತ್ತು. ಮತ್ತೆ ಮತ್ತೆ ಬರೆದರೂ ಇದೇ ಆಯಿತು. ನೀವು ಷರತ್ತುಗಳನ್ನು ಒಪ್ಪಿದ್ದೀರಿ ಅಂತ ನಾನು ಒತ್ತಿದ ಚೌಕದ ತಾರೀಖು, ಸಮಯವನ್ನೂ ಒಂದು ಸಲ ಕಳಿಸಿದರು.

ಅದನ್ನು ಓದಿದಾಗಲೇ ನನಗೆ ಹೊಳೆದದ್ದು. ಒಪ್ಪಿದವಳು ನಾನು. ಅಜ್ಜಿ ಒಪ್ಪಿಲ್ಲ. ಅಮ್ಮನ ಕೈಬರಹ, ಅಪ್ಪನ ಮಾತ್ರೆ ಚೀಲ, ಅಜ್ಜಿಯ ಮೈ, ಇವಕ್ಕೆಲ್ಲ ನಾನು ಹೇಗೆ ಸಹಿ ಹಾಕಲಿ? ಮನೆಯ ದೊಡ್ಡವರ ಪರವಾಗಿ ಮನೆಯ ಹುಡುಗಿ ಒಪ್ಪಿಗೆ ಕೊಡುತ್ತಾಳೆ ಅಂತ ಯಾವ ಕಾನೂನಿನಲ್ಲೂ ಇಲ್ಲ, ಯಾವ ಸಂಪ್ರದಾಯದಲ್ಲೂ ಇಲ್ಲ. ಪರೀಕ್ಷೆಯ ಖಾಸಗಿತನದ ಚರ್ಚೆಯೆಲ್ಲ ವಿದ್ಯಾರ್ಥಿಯ ಸುತ್ತಲೇ ನಡೆಯುತ್ತದೆ. ಕ್ಯಾಮೆರಾ ನೋಡುವುದು ಮಾತ್ರ ಇಡೀ ಮನೆಯನ್ನು. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಇರುವ ಮನೆಗಳು ನಮ್ಮಲ್ಲಿ ಎಷ್ಟಿವೆ?

ಎರಡನೇ ಪತ್ರ ಅಜ್ಜಿಯ ಹೆಸರಿನಲ್ಲಿ ಹೋಯಿತು. ಕನ್ನಡದಲ್ಲೇ ಬರೆದು ಕೆಳಗೆ ಇಂಗ್ಲಿಷ್ ಅನುವಾದ ಸೇರಿಸಿದೆವು. 'ನಾನು ನಿಮ್ಮ ವಿದ್ಯಾರ್ಥಿಯಲ್ಲ. ನಿಮ್ಮ ಯಾವ ಷರತ್ತಿಗೂ ಒಪ್ಪಿಲ್ಲ. ನನ್ನ ಮನೆಯೊಳಗೆ, ಸ್ನಾನ ಮಾಡಿ ಬರುತ್ತಿದ್ದಾಗ ತೆಗೆದ ನನ್ನ ಚಿತ್ರ ನಿಮ್ಮ ಬಳಿ ಇದೆ. ಯಾವ ಅಧಿಕಾರದಿಂದ ಇಟ್ಟುಕೊಂಡಿದ್ದೀರಿ, ಯಾರು ಯಾರು ನೋಡಿದ್ದಾರೆ ತಿಳಿಸಿ. ಅಳಿಸಿ, ಅಳಿಸಿದ್ದನ್ನು ಬರಹದಲ್ಲಿ ಕೊಡಿ.' ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿಸಿಕೊಂಡರು. 'ಸ್ನಾನ ಮಾಡಿ ಬರುತ್ತಿದ್ದಾಗ' ಅನ್ನುವುದು ಬೇಕಾ ಅಂತ ಅಮ್ಮ ಅಳುಕಿದರು. "ಇರ್ಲಿ, ಇದ್ದದ್ದು ಇದ್ದ ಹಾಗೆ ಬರಿ" ಅಂದು ಅಜ್ಜಿ ಸಹಿ ಹಾಕಿದರು. ಕಂಪನಿಯ ದೂರು ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟು, ಒಂದು ಪ್ರತಿ ವಿಶ್ವವಿದ್ಯಾಲಯದ ಕುಲಸಚಿವರಿಗೆ, ಸ್ಕ್ಯಾನ್ ಮಾಡಿ ಮೇಲ್ ಕೂಡ.

ಈ ಸಲ ಉತ್ತರ ಬೇಗ ಬಂತು. ಕೋರಿಕೆಯನ್ನು ಪರಿಶೀಲಿಸಲು ಅರ್ಜಿದಾರರ ಆಧಾರ್ ಪ್ರತಿ ಮತ್ತು ಇತ್ತೀಚಿನ ಭಾವಚಿತ್ರ ಕಳಿಸಿ ಅಂತ. ಒಂದು ಚಿತ್ರ ಅಳಿಸಲು ಇನ್ನೊಂದು ಚಿತ್ರ ಕೊಡಬೇಕು. ನಾನು ಸಿಟ್ಟಿನಲ್ಲಿ ಏನೋ ಟೈಪ್ ಮಾಡಲು ಕೂತಾಗ ಅಣ್ಣ ತಡೆದು, ತಾನೇ ನಾಲ್ಕು ಸಾಲು ಬರೆಸಿದ. ಅರ್ಜಿದಾರರ ಯಾವ ದಾಖಲೆಯೂ ಮೊದಲಿನಿಂದ ನಿಮ್ಮ ಬಳಿ ಇಲ್ಲ, ಹಾಗಾಗಿ ಹೋಲಿಸಿ ನೋಡಲು ಆಧಾರ್ ಯಾವ ಉಪಯೋಗಕ್ಕೂ ಬರುವುದಿಲ್ಲ. ಪರೀಕ್ಷೆ ಯಾವುದು, ದಿನ ಯಾವುದು, ವರದಿಯಲ್ಲಿ ಚಿತ್ರ ಇರುವ ಪುಟ ಯಾವುದು ಎಲ್ಲ ಕೊಟ್ಟಿದ್ದೇವೆ, ಅಳಿಸಲು ಅಷ್ಟು ಸಾಕು. ತಿಂಗಳೊಳಗೆ ಆಗದಿದ್ದರೆ ಮುಂದಿನ ಕ್ರಮಕ್ಕೆ ಹೋಗುತ್ತೇವೆ. ಇದೇ ಪತ್ರ ಕುಲಸಚಿವರಿಗೂ ಹೋಯಿತು. ಕಮಿಟಿಯಲ್ಲಿದ್ದ ಆ ಮೇಡಂಗೆ ನಾನು ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಒಳಗೆ ಯಾರ ಹತ್ತಿರ ಏನು ಮಾತಾಡಿದರೋ, ಪರೀಕ್ಷಾ ನಿಯಂತ್ರಕರಿಂದ ಕಂಪನಿಗೆ ಒಂದು ಸಾಲಿನ ಮೇಲ್ ಹೋಯಿತು, ನನಗೂ ಪ್ರತಿ ಬಂತು: ಈ ವಿದ್ಯಾರ್ಥಿನಿಯ ರೆಕಾರ್ಡಿಂಗ್ ಮತ್ತು ಚಿತ್ರಗಳನ್ನು ಅಳಿಸಿ.

ಕಂಪನಿಯ ಕೊನೆಯ ಪತ್ರದಲ್ಲಿ ವಿಡಿಯೊ, ಧ್ವನಿ, ಕೋಣೆಯ ಚಿತ್ರೀಕರಣ, ವರದಿಯೊಳಗಿನ ಚಿತ್ರಗಳು ಎಲ್ಲ ಅಳಿಸಲಾಗಿದೆ, ಬ್ಯಾಕಪ್ ಪ್ರತಿಗಳು ಅವುಗಳ ಅವಧಿ ಮುಗಿದಾಗ ಹೋಗುತ್ತವೆ, ಲಾಗಿನ್ ಆದ ಸಮಯದ ದಾಖಲೆ ಮಾತ್ರ ಉಳಿಯುತ್ತದೆ ಅಂತ ಇತ್ತು. ಆ ದಾಖಲೆಗೆ ನನ್ನ ತಕರಾರಿಲ್ಲ. ಪರೀಕ್ಷೆ ನಡೆದದ್ದಕ್ಕೆ ಏನಾದರೂ ಒಂದು ಪುರಾವೆ ಬೇಕಲ್ಲ. ಯಾರು ಯಾರು ನೋಡಿದರು ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಬರಲೇ ಇಲ್ಲ.

ಮುಂದಿನ ಸೆಮಿಸ್ಟರಿಗೆ ಮುಂಚೆ ನಮ್ಮ ಕ್ಲಾಸಿನವರೆಲ್ಲ ಸೇರಿ ಒಂದು ಮನವಿ ಕೊಟ್ಟೆವು. ಕೋಣೆ ತೋರಿಸುವುದು ಬೇಡ, ಬೇಕಾದವರಿಗೆ ಕ್ಯಾಂಪಸ್ಸಿನ ಲ್ಯಾಬಿನಲ್ಲಿ ಬರೆಯಲು ಅವಕಾಶ ಇರಲಿ ಅಂತ. ಆಗ ಒಂದು ವಿಷಯ ಸ್ಪಷ್ಟವಾಯಿತು. ನಮ್ಮಲ್ಲೇ ಒಬ್ಬಳಿಗೆ ಆಗಷ್ಟೇ ಮಗುವಾಗಿತ್ತು, ಅವಳಿಗೆ ಮನೆಯಿಂದ ಬರೆಯುವುದೇ ಅನುಕೂಲ, ಕ್ಯಾಮೆರಾ ಇದ್ದರೂ ಸೈ. ಬಳ್ಳಾರಿ ಕಡೆಯ ಇನ್ನೊಬ್ಬನಿಗೆ ಬೆಂಗಳೂರಿಗೆ ಬಂದು ಉಳಿಯುವ ಖರ್ಚು ಭಾರ. ಹಾಗಾಗಿ ಸಾಫ್ಟ್‌ವೇರನ್ನೇ ತೆಗೆಯಿರಿ ಅಂತ ನಾವು ಕೇಳಲಿಲ್ಲ. ಎರಡು ದಾರಿ ಇಡಿ, ಆರಿಸಿಕೊಳ್ಳುವುದು ನಮಗಿರಲಿ ಅಂದೆವು. ಒಂದೇ ದಾರಿ ಇಟ್ಟಾಗ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಪ್ರಕರಣವನ್ನು ಮನವಿಯಲ್ಲಿ ಬರೆದಿದ್ದೆ. 2020ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬಿಟ್ಟು ಎನ್‌ಲ್ಯಾಟ್ ಎಂಬ ತನ್ನದೇ ಪ್ರವೇಶ ಪರೀಕ್ಷೆಯನ್ನು ಮನೆಯಿಂದ ಆನ್‌ಲೈನ್‌ನಲ್ಲಿ ಬರೆಯುವಂತೆ ಮಾಡಿತು. ಸೆಪ್ಟೆಂಬರ್ ಮೊದಲ ವಾರ ಪ್ರಕಟಣೆ, 12ರಂದು ಪರೀಕ್ಷೆ. ಕಂಪ್ಯೂಟರ್, ಇಂಟರ್‌ನೆಟ್ ಹೊಂದಿಸಿಕೊಳ್ಳಲಾಗದ ಮಕ್ಕಳ ಗತಿ ಏನು ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 21ರಂದು ಕೋರ್ಟು ಆ ಪ್ರಕಟಣೆಯನ್ನು ರದ್ದು ಮಾಡಿ ಕ್ಲ್ಯಾಟ್ ಮೂಲಕವೇ ಪ್ರವೇಶ ಕೊಡಲು ಹೇಳಿತು. ನಮ್ಮ ಮನವಿಯನ್ನು ವಿಶ್ವವಿದ್ಯಾಲಯ ಒಪ್ಪಿತು. ನಾನು ಲ್ಯಾಬಿನಲ್ಲಿ ಬರೆದೆ. ಅಲ್ಲೂ ಕ್ಯಾಮೆರಾ ಇತ್ತು, ಹಿಂದೆ ಬಿಳಿ ಗೋಡೆ ಇತ್ತು. ಲೆಕ್ಕ ಮಾಡಲು ನಿಶ್ಚಿಂತೆಯಿಂದ ತಲೆ ತಗ್ಗಿಸಿದೆ.

ಈಗ ಕಾನೂನು ಬದಲಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಇದೆ. ಒಪ್ಪಿಗೆ ಅನ್ನುವುದು ಮುಕ್ತವಾಗಿರಬೇಕು, ಷರತ್ತಿಲ್ಲದೆ ಇರಬೇಕು, ಏನಕ್ಕೆ ಎಂದು ತಿಳಿದು ಕೊಟ್ಟದ್ದಾಗಿರಬೇಕು ಅಂತ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಆಬ್ಸೆಂಟ್ ಆಗುವ ಭಯದಲ್ಲಿ ಒತ್ತಿದ ಚೌಕ ಮುಕ್ತ ಒಪ್ಪಿಗೆ ಹೇಗಾದೀತು ಅಂತ ಯಾರಾದರೂ ಕೇಳಲೇಬೇಕು. 18 ವರ್ಷದೊಳಗಿನ ಮಕ್ಕಳ ಮೇಲೆ ಕಣ್ಣಿಡುವುದನ್ನು ಕಾಯ್ದೆ ತಡೆಯುತ್ತದೆ. ನಿಯಮಗಳು ಮಾತ್ರ ಶಿಕ್ಷಣ ಸಂಸ್ಥೆಗಳಿಗೆ, ಅವುಗಳ ಶೈಕ್ಷಣಿಕ ಚಟುವಟಿಕೆಯ ಮಟ್ಟಿಗೆ, ವಿನಾಯಿತಿ ಕೊಟ್ಟಿವೆ. ಪಿ.ಯು. ಮಕ್ಕಳಿರುವ ತಂದೆತಾಯಂದಿರು ಈ ವಿನಾಯಿತಿಯನ್ನು ಗಮನವಿಟ್ಟು ಓದಬೇಕು. ಮನೆಯ ಉಳಿದವರು ಕ್ಯಾಮೆರಾಕ್ಕೆ ಸಿಕ್ಕಿಬಿದ್ದರೆ ಅವರ ಒಪ್ಪಿಗೆ ಯಾರು ಕೇಳಬೇಕು ಅನ್ನುವುದನ್ನು ನಾವೇ ಎತ್ತಿ ಕೇಳದೆ ಯಾರೂ ಕೇಳುವುದಿಲ್ಲ.

ತಮ್ಮ ಈಗ ಕೆಲಸ ಬದಲಿಸುವ ಪ್ರಯತ್ನದಲ್ಲಿದ್ದಾನೆ. ಒಂದು ಕಂಪನಿಯ ಆನ್‌ಲೈನ್ ಪರೀಕ್ಷೆಗೆ ಲ್ಯಾಪ್‌ಟಾಪಿನ ಕ್ಯಾಮೆರಾ ಅಲ್ಲದೆ, ಪಕ್ಕದಲ್ಲಿ ಮೊಬೈಲ್ ನಿಲ್ಲಿಸಿ ಇಡೀ ಕೋಣೆ ಕಾಣುವ ಹಾಗೆ ಇಡಬೇಕು ಅಂತ ಸೂಚನೆ ಬಂತು. ಅವನು ಎಚ್.ಆರ್.ಗೆ ಬರೆದ ಮೇಲ್ ಇದು, ಬೇಕಾದವರು ಹಾಗೇ ಬಳಸಿಕೊಳ್ಳಬಹುದು: 'ನನ್ನ ಪರೀಕ್ಷೆಯ ಮೇಲೆ ನಿಗಾ ಇಡಲು ನನ್ನ ಒಪ್ಪಿಗೆ ಇದೆ. ನಾನಿರುವ ಮನೆಯಲ್ಲಿ ಬೇರೆಯವರೂ ವಾಸವಿದ್ದಾರೆ, ಅವರ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ನನಗಿಲ್ಲ. ನಿಮ್ಮ ಕಚೇರಿಯಲ್ಲಿ ಅಥವಾ ನೀವು ಹೇಳುವ ಕೇಂದ್ರದಲ್ಲಿ ಬಂದು ಬರೆಯಲು ಸಿದ್ಧನಿದ್ದೇನೆ. ರೆಕಾರ್ಡಿಂಗ್ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಅಳಿಸಲು ಯಾರನ್ನು ಕೇಳಬೇಕು ತಿಳಿಸಿ.' ಮರುದಿನವೇ ಉತ್ತರ ಬಂತು. ಅವರ ಬೆಂಗಳೂರಿನ ಕಚೇರಿಗೆ ಬಂದು ಬರೆಯಬಹುದು, ರೆಕಾರ್ಡಿಂಗ್ 90 ದಿನ ಇರುತ್ತದೆ, ಅಳಿಸಲು ಇಂಥವರಿಗೆ ಬರೆಯಿರಿ ಅಂತ ಮೇಲ್ ವಿಳಾಸವನ್ನೂ ಕೊಟ್ಟಿದ್ದರು.